ಹೊಗಳಿಕೆಯ ಹಿಂದಿನ ದೂರು: ಹಳೆಯ ಸೂಜಿ ಪೊಟ್ಟಣಗಳ ಬಗ್ಗೆ ಒಂದು ಮಾತು

(ಬಸವನಗುಡಿಯಲ್ಲಿ ಹಳೆಯ ವಸ್ತುಗಳಲ್ಲಿ ಆಸಕ್ತಿ ಇರುವವರ ಎದುರು ಮಾಡಿದ ಉಪನ್ಯಾಸದ ಬರಹ ರೂಪ. ಸಭೆಯಲ್ಲಿ ಕೈಯಿಂದ ಕೈಗೆ ದಾಟಿಸಿದ ವಸ್ತುಗಳನ್ನು ಇಲ್ಲಿ ಮಾತಿನಲ್ಲೇ ವಿವರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ನಾಣ್ಯ, ಅಂಚೆಚೀಟಿ, ಬೆಂಕಿಪೊಟ್ಟಣದ ಲೇಬಲ್ಲು ಕೂಡಿಸುವವರು ಈ ಊರಲ್ಲಿ ಬೇಕಾದಷ್ಟು ಜನ ಇದ್ದಾರೆ. ಅವರನ್ನು ಕಂಡರೆ ಯಾರಿಗೂ ಆಶ್ಚರ್ಯ ಆಗಲ್ಲ. ಸೂಜಿ ಕೂಡಿಸುತ್ತೇನೆ ಅಂದರೆ ಮಾತ್ರ ಎದುರಿನವರು ಮುಖ ಮುಖ ನೋಡುತ್ತಾರೆ. ಆಮೇಲೆ "ನೀವು ಟೈಲರಾ?" ಅಂತ ಕೇಳುತ್ತಾರೆ. ಅಲ್ಲ. ಕಿತ್ತುಹೋದ ಗುಂಡಿ ಹಾಕೋಕೆ ಬರುತ್ತೆ, ಅಷ್ಟೇ.

ಇನ್ನೊಂದು ವಿಷಯ ಮೊದಲೇ ಹೇಳಿಬಿಡುತ್ತೇನೆ. ಸೂಜಿಗಿಂತ ಅದನ್ನು ಸುತ್ತಿದ ಕಾಗದದ ಮೇಲೇ ನನಗೆ ಆಸೆ ಜಾಸ್ತಿ. ಬರೀ ಸೂಜಿಯನ್ನು ಮೇಜಿನ ಮೇಲಿಟ್ಟರೆ ಅದು ಏನೂ ಹೇಳಲ್ಲ. 1890ರ ಸೂಜಿಯನ್ನೂ 1960ರ ಸೂಜಿಯನ್ನೂ ಪಕ್ಕಪಕ್ಕ ಇಟ್ಟರೆ ನನಗೂ ವ್ಯತ್ಯಾಸ ತಿಳಿಯೋದು ಕಷ್ಟ. ಕಾಗದ ಹಾಗಲ್ಲ. ಯಾರು ಮಾಡಿದ್ದು, ಯಾವ ಊರು, ಯಾವ ನಂಬರ್, ಎಲ್ಲ ಅದರ ಮೇಲಿದೆ. ಇದಕ್ಕಿಂತ ಮುಖ್ಯವಾದದ್ದು ಇನ್ನೊಂದಿದೆ. ಆ ಕಾಲದಲ್ಲಿ ಹೊಲಿಯುವವರು ಯಾವುದಕ್ಕೆ ಗೊಣಗುತ್ತಿದ್ದರು ಅನ್ನೋದೂ ಅದರಲ್ಲಿದೆ. ಪೊಟ್ಟಣದ ಮೇಲಿನ ಪ್ರತಿ ಹೊಗಳಿಕೆಯ ಹಿಂದೆ ಒಬ್ಬ ಗಿರಾಕಿಯ ದೂರು ಇರುತ್ತೆ. ಇವತ್ತು ನಾನು ಹೇಳಬೇಕು ಅಂತ ಬಂದಿರುವುದು ಇದನ್ನೇ.

ಮುಂದಿನ ಸಾಲಿನವರ ಕೈಗೆ ಒಂದು ಪೊಟ್ಟಣ ಕೊಟ್ಟಿದ್ದೇನೆ. ಬಿಚ್ಚಬೇಡಿ, ಹೊರಗಿನಿಂದ ನೋಡಿ. ಹೆಬ್ಬೆರಳಿನಷ್ಟು ಅಗಲ, ಅದಕ್ಕಿಂತ ಸ್ವಲ್ಪ ಉದ್ದ. ಅಂಟು ಹಚ್ಚಿಲ್ಲ. ಬರೀ ಮಡಿಕೆಯಲ್ಲೇ ನಿಂತಿದೆ. ಒಂದು ತುದಿಯನ್ನು ಇನ್ನೊಂದರ ಒಳಗೆ ಸಿಕ್ಕಿಸಿದ್ದಾರೆ. ಮೇಲೆ ಸಣ್ಣ ಲೇಬಲ್ಲು. ಅದರಲ್ಲಿ 'ಶಾರ್ಪ್ಸ್ 3/9' ಅಂತ ಇದೆ. ಅಂದರೆ ಮಾಮೂಲಿ ಹೊಲಿಗೆ ಸೂಜಿ, 3ನೇ ನಂಬರಿನಿಂದ 9ರ ತನಕ ಬೆರಕೆ. ಕೈಸೂಜಿಯಲ್ಲಿ ನಂಬರ್ ಜಾಸ್ತಿ ಆದಷ್ಟೂ ಸೂಜಿ ಸಣ್ಣದು. ಮೆಷಿನ್ ಸೂಜಿಯಲ್ಲಿ ಇದು ಉಲ್ಟಾ. 14ಕ್ಕಿಂತ 18 ದಪ್ಪ. ಯಾರು ಹೀಗೆ ಮಾಡಿಟ್ಟರೋ, ಹೊಸಬರು ಪ್ರತಿ ಸಲ ತಲೆ ಕೆರೆದುಕೊಳ್ಳುತ್ತಾರೆ.

ಪೊಟ್ಟಣದ ಅಂಚಿನಲ್ಲಿ ಒಳಗಿನ ಕಾಗದ ಚೂರು ಇಣುಕುತ್ತಿದೆ, ನೋಡಿ. ಅದು ಕಪ್ಪು. ಹಳೆ ಪೊಟ್ಟಣಗಳಲ್ಲಿ ಸೂಜಿಯನ್ನು ನೇರವಾಗಿ ಮುಟ್ಟುವ ಕಾಗದ ಬಹಳ ಸಲ ಕಪ್ಪೋ ಗಾಢ ನೀಲಿಯೋ ಆಗಿರುತ್ತೆ. ತುಕ್ಕು ಹಿಡಿಯದಿರಲಿ ಅಂತ ಆರಿಸಿದ ಕಾಗದ ಅದು. ಹಡಗಿನಲ್ಲಿ ತಿಂಗಳುಗಟ್ಟಲೆ ಉಪ್ಪುಗಾಳಿಯಲ್ಲಿ ಬರುವ ಸರಕು. ಇಲ್ಲಿಗೆ ಬಂದು ಇಳಿದರೆ ಮಳೆಗಾಲ. 'ತುಕ್ಕು ಹಿಡಿಯಲ್ಲ' ಅಂತ ಲೇಬಲ್ಲಿನಲ್ಲಿ ಕೂಗಿ ಹೇಳುತ್ತಿದ್ದಾರೆ ಅಂದರೆ, ತುಕ್ಕು ಹಿಡಿದ ಸೂಜಿ ಹಿಡಿದುಕೊಂಡು ಅಂಗಡಿಯವನ ಹತ್ತಿರ ಜಗಳಕ್ಕೆ ಹೋದವರು ಎಷ್ಟು ಜನರಿರಬೇಕು!

ಈಗ ಕಣ್ಣಿನ ವಿಷಯಕ್ಕೆ ಬರೋಣ. ಹಳೆ ಇಂಗ್ಲಿಷ್ ಪೊಟ್ಟಣಗಳ ಮೇಲೆ 'ದಾರ ಕತ್ತರಿಸುವುದಿಲ್ಲ, ಗ್ಯಾರಂಟಿ' ಎಂಬರ್ಥದ ಮಾತು ಮತ್ತೆ ಮತ್ತೆ ಸಿಗುತ್ತೆ. 'ಡ್ರಿಲ್ಡ್ ಐ' ಅಂದರೆ ಕೊರೆದು ನಯ ಮಾಡಿದ ಕಣ್ಣು. 'ಗೋಲ್ಡ್ ಐ' ಅಂದರೆ ಕಣ್ಣಿನ ಸುತ್ತ ಚಿನ್ನದ ಲೇಪ. ಇಷ್ಟೊಂದು ಆಣೆ ಪ್ರಮಾಣ ಯಾಕೆ ಅಂತ ತಿಳಿಯಬೇಕಾದರೆ ಸೂಜಿ ಹೇಗೆ ಮಾಡುತ್ತಿದ್ದರು ಅಂತ ನೋಡಬೇಕು.

ಇಂಗ್ಲೆಂಡಿನ ವೂಸ್ಟರ್‌ಶೈರ್‌ನಲ್ಲಿ ರೆಡ್ಡಿಚ್ ಅಂತ ಊರು. 19ನೇ ಶತಮಾನದ ಕೊನೆಗೆ ಜಗತ್ತಿನ ಬಹುಪಾಲು ಸೂಜಿ ಅಲ್ಲೇ ಮತ್ತು ಅದರ ಸುತ್ತಮುತ್ತಲೇ ತಯಾರಾಗುತ್ತಿತ್ತು. ಹೆನ್ರಿ ಮಿಲ್ವರ್ಡ್ 1730ರಿಂದ ಇದ್ದ ಮನೆತನ. ಪಕ್ಕದ ಸ್ಟಡ್ಲಿಯಲ್ಲಿ 1785ರಿಂದ ಏಬಲ್ ಮೊರಾಲ್. ಅಲ್ಲಿನ ಕೆಲಸದ ಸೊಗಸು ಏನೆಂದರೆ, ಸೂಜಿ ಹುಟ್ಟುವಾಗ ಒಂಟಿಯಾಗಿ ಹುಟ್ಟಲ್ಲ, ಜೋಡಿಯಾಗಿ ಹುಟ್ಟುತ್ತೆ. ಉಕ್ಕಿನ ತಂತಿಯನ್ನು ಎರಡು ಸೂಜಿಯಷ್ಟು ಉದ್ದಕ್ಕೆ ಕತ್ತರಿಸುತ್ತಾರೆ. ಸುರುಳಿಯಿಂದ ಬಂದ ತಂತಿ ಡೊಂಕಾಗಿರುತ್ತಲ್ಲ, ಅದಕ್ಕೆ ಕಟ್ಟು ಕಟ್ಟಿ, ಎರಡು ಕಬ್ಬಿಣದ ಬಳೆಯೊಳಗೆ ತೂರಿಸಿ, ಉರುಳಾಡಿಸಿ ನೆಟ್ಟಗೆ ಮಾಡುತ್ತಾರೆ. ಎರಡೂ ತುದಿಯನ್ನು ಸಾಣೆಕಲ್ಲಿಗೆ ಹಿಡಿದು ಮೊನೆ ತೆಗೆಯುತ್ತಾರೆ. ನಡುವೆ ಅಚ್ಚು ಹೊಡೆದು ಎರಡು ಕಣ್ಣು ತೂತು ಮಾಡುತ್ತಾರೆ. ಆಮೇಲೆ ಆ ಕಣ್ಣುಗಳಲ್ಲಿ ಸಣ್ಣ ತಂತಿ ಪೋಣಿಸಿ, ಸಾಲಾಗಿ ಹಿಡಿದು, ಅಂಚಿನಲ್ಲಿ ಉಳಿದ ಒರಟನ್ನು ಅರದಿಂದ ಉಜ್ಜಿ, ಮಧ್ಯಕ್ಕೆ ಮುರಿದರೆ ಎರಡು ಸಾಲು ಸೂಜಿ. ಅಚ್ಚು ಹೊಡೆದ ಕಣ್ಣಿನ ಒಳಅಂಚು ಹರಿತವಾಗಿ ಉಳಿದುಬಿಟ್ಟರೆ? ಹೊಲಿಯುತ್ತಾ ಹೊಲಿಯುತ್ತಾ ದಾರ ಸವೆದು ಪಟ್ ಅಂತ ತುಂಡಾಗುತ್ತೆ. ಆ ಗ್ಯಾರಂಟಿಯ ಮೂಲ ಇದು.

ಮುರಿದ ಮೇಲೆ ಕಾಯಿಸಿ, ಅದ್ದಿ, ಹದ ಮಾಡಿ, ಕೊನೆಗೆ ಉಜ್ಜುವ ಗಿರಣಿಗೆ ಹೋಗಬೇಕು. ಸಾವಿರಾರು ಸೂಜಿಗಳನ್ನು ದಪ್ಪ ಬಟ್ಟೆಯಲ್ಲಿ ಸಾಬೂನು, ಸಾಣೆಪುಡಿ ಹಾಕಿ ಸುತ್ತಿ, ನೀರಿನ ಚಕ್ರದಿಂದ ಓಡುವ ಭಾರದ ಹಲಗೆಗಳ ಕೆಳಗೆ ಗಂಟೆಗಟ್ಟಲೆ ಉರುಳಿಸುತ್ತಿದ್ದರು. ತೊಳೆದು ಮತ್ತೆ ಉರುಳಿಸುತ್ತಿದ್ದರು. ಆ ಗಿರಣಿಗಳಲ್ಲಿ ಒಂದು, ಫೋರ್ಜ್ ಮಿಲ್, ಈಗ ಸೂಜಿ ಮ್ಯೂಸಿಯಂ ಆಗಿದೆ. 1983ರಲ್ಲಿ ರಾಣಿ ಎಲಿಜಬೆತ್ ಅದನ್ನು ಉದ್ಘಾಟಿಸಿದರು.

ಯಾವ ಪೊಟ್ಟಣದ ಮೇಲೂ ಇಲ್ಲದ ಒಂದು ದೂರು ಇದೆ. ಮೊನೆ ತೆಗೆಯುವವನದು. ಅವನು ಒಂದು ಹಿಡಿ ತಂತಿಯನ್ನು ಒಟ್ಟಿಗೆ ಅಂಗೈಯಲ್ಲಿ ಉರುಳಿಸುತ್ತಾ ತಿರುಗುವ ಕಲ್ಲಿಗೆ ಒತ್ತಿ ಹಿಡಿಯುತ್ತಿದ್ದ. ನೀರು ಹಾಕುವ ಹಾಗಿಲ್ಲ, ಒಣ ಕಲ್ಲು. ಉಕ್ಕಿನ ಧೂಳು, ಕಲ್ಲಿನ ಧೂಳು ಎರಡೂ ನೇರವಾಗಿ ಮೂಗಿಗೆ. ಈ ಕೆಲಸದವರು ಬಹಳ ಮಂದಿ ಮೂವತ್ತೈದು ದಾಟುವ ಮೊದಲೇ ಪುಪ್ಪುಸ ಕೆಟ್ಟು ಸಾಯುತ್ತಿದ್ದರು. ಆ ರೋಗಕ್ಕೆ ಅವರ ಕಸುಬಿನ ಹೆಸರೇ ಬಿದ್ದಿತ್ತು. ಸಂಬಳ ಮಾತ್ರ ಕಾರ್ಖಾನೆಯಲ್ಲಿ ಎಲ್ಲರಿಗಿಂತ ಜಾಸ್ತಿ. ಧೂಳು ಎಳೆಯುವ ಫ್ಯಾನು ಬಂದಾಗ ಕೆಲವರು ಬೇಡ ಅಂದರಂತೆ. ಅಪಾಯ ಕಡಿಮೆಯಾದರೆ ಕೂಲಿಯೂ ಇಳಿಯುತ್ತೆ ಅಂತ ಭಯ. ಇದನ್ನು ಓದಿದ ಮೇಲೆ 'ಅತಿ ಚೂಪು ಮೊನೆ' ಅನ್ನುವ ಲೇಬಲ್ಲನ್ನು ಮೊದಲಿನ ಹಾಗೆ ನೋಡೋಕೆ ನನಗೆ ಆಗಿಲ್ಲ.

ಜರ್ಮನಿಯಲ್ಲೂ ಇದೇ ಕಸುಬು ದೊಡ್ಡದಾಗಿತ್ತು. ಆಖೆನ್ ಊರಿನ ಸೂಜಿ ಕಾರ್ಖಾನೆಗಳಲ್ಲಿ ಕೆಟ್ಟ ಸೂಜಿಗಳನ್ನು ಕಿರುಬೆರಳಿನಿಂದ ಚಕಚಕ ಅಂತ ಆಚೆ ತಳ್ಳುತ್ತಿದ್ದರು. ಹೆಂಗಸರು, ಮಕ್ಕಳ ಕೆಲಸ ಅದು. ಇವತ್ತಿಗೂ ಆಖೆನ್‌ನವರು ಊರಾಚೆ ಒಬ್ಬರಿಗೊಬ್ಬರು ಸಿಕ್ಕರೆ ಕಿರುಬೆರಳು ಎತ್ತಿ ತೋರಿಸುತ್ತಾರೆ. ನಾವು ನಮ್ಮೂರವರು ಅಂತ. ಇಂಥ ಗುರುತು ಬೇರೆ ಯಾವ ಊರಿಗೂ ಸಿಕ್ಕಿರಲಿಕ್ಕಿಲ್ಲ.

ಇನ್ನೊಂದು ಹೊಗಳಿಕೆ ನನಗೆ ತುಂಬಾ ಇಷ್ಟ. 'ಕ್ಯಾಲಿಕ್ಸ್ ಐ' ಅಂತ ಒಂದು ಸೂಜಿ. ಇದರ ತಲೆಯಲ್ಲಿ ಸಣ್ಣ ಸೀಳು ಇರುತ್ತೆ. ದಾರವನ್ನು ತೂತಿಗೆ ಪೋಣಿಸಬೇಕಾಗಿಲ್ಲ, ಮೇಲಿಂದ ಒತ್ತಿ ಎಳೆದರೆ ತಾನೇ ಕಣ್ಣಿಗೆ ಇಳಿಯುತ್ತೆ. ಕಣ್ಣು ಮಂಜಾದವರಿಗೆ ಮಾಡಿದ್ದು. ನಮ್ಮಲ್ಲಿ ಆ ಕೆಲಸ ಮೊಮ್ಮಕ್ಕಳದು, ಅಲ್ವಾ? "ಬಾರೋ, ಈ ದಾರ ಪೋಣಿಸಿಕೊಡೋ" ಅಂತ ಅಜ್ಜಿ ಕರೆದರೆ ಆಟ ಬಿಟ್ಟು ಓಡಬೇಕು. ಆ ಸೂಜಿ ಈಗಲೂ ಮಾರಾಟಕ್ಕಿದೆ. ಮೊಮ್ಮಕ್ಕಳು ಅಮೆರಿಕದಲ್ಲಿರುವ ಜಯನಗರದ ಮನೆಗಳಲ್ಲಿ ಅದಕ್ಕೆ ಒಳ್ಳೆಯ ಗಿರಾಕಿ ಇದೆ ಅಂತ ನನ್ನ ಅಂದಾಜು.

ಪೊಟ್ಟಣದ ವಯಸ್ಸು ಕಂಡುಹಿಡಿಯುವುದು ಹೇಗೆ? ಕಾನೂನು ನಮ್ಮ ಸಹಾಯಕ್ಕೆ ಬರುತ್ತೆ. ಬ್ರಿಟನ್ನಿನಲ್ಲಿ 1842ರಿಂದ 1883ರ ತನಕ ನೋಂದಾಯಿಸಿದ ವಿನ್ಯಾಸಗಳಿಗೆ ವಜ್ರದಾಕಾರದ ಮುದ್ರೆ ಹಾಕುತ್ತಿದ್ದರು. 1884ರಿಂದ ಬರೀ ಸರಣಿ ಸಂಖ್ಯೆ. ರೆಡ್ಡಿಚ್‌ನ ವಿಲಿಯಂ ಏವರಿ ಕಂಪನಿಯ ಹಿತ್ತಾಳೆ ಸೂಜಿ ಡಬ್ಬಿಗಳಲ್ಲಿ ಈ ವಜ್ರ ಕಾಣುತ್ತೆ. ಚಿಟ್ಟೆ, ತಳ್ಳುಗಾಡಿ, ಹೀಗೆ ಆಟಿಕೆಯಂಥ ಡಬ್ಬಿಗಳು. ಅವುಗಳ ಬೆಲೆ ಕೇಳಿ ನಾನು ದೂರದಿಂದಲೇ ಕೈ ಮುಗಿದಿದ್ದೇನೆ. 1887ರಲ್ಲಿ ಬ್ರಿಟನ್ನು, 1890ರಲ್ಲಿ ಅಮೆರಿಕ, ಹೊರಗಿನಿಂದ ಬರುವ ಮಾಲಿನ ಮೇಲೆ ದೇಶದ ಹೆಸರಿನ ಬಗ್ಗೆ ಕಾನೂನು ಮಾಡಿದವು. ಹಾಗಾಗಿ ದೇಶದ ಹೆಸರು ಇದ್ದರೆ ಆಮೇಲಿನದು ಅಂತ ಸಾಮಾನ್ಯವಾಗಿ ಹೇಳಬಹುದು. 'ಆಕ್ಯುಪೈಡ್ ಜಪಾನ್' ಅಂತ ಇದ್ದರೆ ಎರಡನೇ ಮಹಾಯುದ್ಧ ಮುಗಿದು 1952ರ ಒಳಗಿನದು. 'ವೆಸ್ಟರ್ನ್ ಜರ್ಮನಿ' ಅಂತ ಇದ್ದರೆ 1949ಕ್ಕಿಂತ ಈಚಿನದು, 1990ಕ್ಕಿಂತ ಹಿಂದಿನದು.

ನಮ್ಮ ದೇಶದ ಪೊಟ್ಟಣಗಳಿಗೆ ಇದಕ್ಕಿಂತ ಸುಲಭದ ದಾರಿ ಇದೆ. ಬೆಲೆ ಆಣೆಯಲ್ಲಿದ್ದರೆ 1957ರ ಏಪ್ರಿಲ್‌ಗಿಂತ ಮುಂಚಿನದು ಇರಬೇಕು. 'ನಯಾ ಪೈಸೆ' ಇದ್ದರೆ 1957ರಿಂದ 1964ರ ನಡುವಿನದು. ವಿಳಾಸದಲ್ಲಿ ಆರಂಕಿಯ ಪಿನ್ ಕೋಡ್ ಇದ್ದರೆ 1972ರ ಆಗಸ್ಟ್ ನಂತರದ್ದು. 'ಮೈಸೂರು ರಾಜ್ಯ' ಅಂತ ಇದ್ದರೆ 1973ರ ನವೆಂಬರ್‌ಗಿಂತ ಹಿಂದೆ ಅಚ್ಚಾದದ್ದು. ಒಂದು ಎಚ್ಚರಿಕೆ. ಮುದ್ರಕರು ಹಳೆ ಬ್ಲಾಕನ್ನು ಬಿಸಾಡುತ್ತಿರಲಿಲ್ಲ. ಅಂಗಡಿಯವರು ಹಳೆ ಸ್ಟಾಕನ್ನೂ ಬಿಸಾಡಲ್ಲ. ಒಂದೆರಡು ವರ್ಷ ಆಚೀಚೆ ಇಟ್ಟುಕೊಳ್ಳಿ.

ಗುಂಡುಸೂಜಿಗೆ ಇನ್ನೊಂದು ಲೆಕ್ಕ. ಅರ್ಥಶಾಸ್ತ್ರ ಓದಿದವರು ಗುಂಡುಸೂಜಿಯನ್ನು ತಪ್ಪಿಸಿಕೊಳ್ಳೋಕೆ ಆಗಲ್ಲ. 1776ರಲ್ಲಿ ಆಡಂ ಸ್ಮಿತ್ ತನ್ನ ಗ್ರಂಥ ಶುರು ಮಾಡುವುದೇ ಗುಂಡುಸೂಜಿ ಕಾರ್ಖಾನೆಯಿಂದ. ಒಂದು ಸೂಜಿಗೆ ಸುಮಾರು 18 ಬೇರೆ ಬೇರೆ ಕೆಲಸ. ಹಂಚಿಕೊಂಡು ಮಾಡಿದರೆ ಹತ್ತು ಜನ ದಿನಕ್ಕೆ 48,000 ಮಾಡಬಹುದು, ಒಬ್ಬನೇ ಕೂತರೆ 20 ಕೂಡ ಕಷ್ಟ ಅನ್ನುತ್ತಾನೆ. ಅದರಲ್ಲಿ ತಲೆ ಮಾಡುವುದೇ ಎರಡು ಮೂರು ಕೆಲಸ. ಯಾಕೆ ಅಂತ ತೋರಿಸುತ್ತೇನೆ, ಈ ಭೂತಗನ್ನಡಿ ಹಿಡಿದು ನೋಡಿ. ಈ ಹಿತ್ತಾಳೆ ಸೂಜಿಯ ತಲೆ ಒಂದೇ ಗುಂಡಲ್ಲ. ಸಣ್ಣ ತಂತಿಯನ್ನು ಎರಡು ಸುತ್ತು ಸುತ್ತಿ, ಕಡ್ಡಿಯ ತುದಿಗೆ ಕೂರಿಸಿ, ಬಡಿದಿದ್ದಾರೆ. ಸುತ್ತಿನ ಗೆರೆ ಕಾಣುತ್ತಾ? ಇಂಥ ತಲೆ ಕೆಲವೊಮ್ಮೆ ಕಳಚಿ ಬೀಳುತ್ತಿತ್ತು. ಬೆರಳಿನಿಂದ ಒತ್ತಿದಾಗ ಕಡ್ಡಿ ತಲೆ ದಾಟಿ ಬೆರಳಿಗೇ ಚುಚ್ಚುತ್ತಿತ್ತು. 1824ರಲ್ಲಿ ಲೆಮ್ಯುಯಲ್ ರೈಟ್ ಎಂಬ ಅಮೆರಿಕನ್ ಇಂಗ್ಲೆಂಡಿನಲ್ಲಿ ಒಂದೇ ತಂತಿಯಿಂದ ತಲೆಯನ್ನೂ ಮೂಡಿಸುವ ಯಂತ್ರಕ್ಕೆ ಪೇಟೆಂಟ್ ತೆಗೆದುಕೊಂಡ. ಆಮೇಲೆ ನೋಡಿ, ಗುಂಡುಸೂಜಿಯ ಕಾಗದಗಳ ಮೇಲೆಲ್ಲ 'ಗಟ್ಟಿ ತಲೆ' ಅಂತ ದೊಡ್ಡಕ್ಷರ. ಮತ್ತೆ ಅದೇ ಕಥೆ, ಮೊದಲು ದೂರು, ಆಮೇಲೆ ಜಂಬ.

ಮನೆಯಲ್ಲೇ ಮಾಡುವ ಪರೀಕ್ಷೆ ಒಂದಿದೆ. ಹಳೆ ಡಬ್ಬಿಯ ಮೇಲೆ ಮ್ಯಾಗ್ನೆಟ್ ಹಿಡಿಯಿರಿ. ಉಕ್ಕಿನವು ಎದ್ದು ಅಂಟಿಕೊಳ್ಳುತ್ತವೆ. ತವರದ ಲೇಪ ಕೊಟ್ಟ ಹಿತ್ತಾಳೆಯವು ಕದಲಲ್ಲ. ನೋಡೋಕೆ ಎರಡೂ ಬೆಳ್ಳಗೇ ಇರುತ್ತವೆ.

ಪಿನ್ನಿನ ಬಗ್ಗೆ ಚಿಕ್ಕದಾಗಿ. ಸೇಫ್ಟಿ ಪಿನ್ನಿಗೆ 1849ರ ಏಪ್ರಿಲ್‌ನಲ್ಲಿ ಪೇಟೆಂಟ್ ಪಡೆದವರು ನ್ಯೂಯಾರ್ಕಿನ ವಾಲ್ಟರ್ ಹಂಟ್. ಅದರ ಹಕ್ಕನ್ನು 400 ಡಾಲರಿಗೆ ಮಾರಿಬಿಟ್ಟರು. ನಮ್ಮ ಹೆಂಗಸರು ಅದಕ್ಕೆ ಬಳೆಯಲ್ಲೂ ತಾಳಿ ಸರದಲ್ಲೂ ಜಾಗ ಕೊಟ್ಟಿದ್ದಾರೆ. ಆದ್ದರಿಂದಲೇ ಅದರ ಹಳೆ ಕಾರ್ಡು ಸಿಗೋದು ಬಹಳ ಅಪರೂಪ. ಕಾರ್ಡಿನಿಂದ ಒಂದೊಂದೇ ಕಿತ್ತು, ಖಾಲಿಯಾದ ಕಾರ್ಡನ್ನು ಒಲೆಗೆ ಹಾಕುತ್ತಿದ್ದರು.

ಬೆಂಗಳೂರಿನಲ್ಲಿ ಇದೆಲ್ಲ ಎಲ್ಲಿ ಸಿಗುತ್ತೆ ಅಂತ ಎಲ್ಲರೂ ಕೇಳುತ್ತಾರೆ. ಭಾನುವಾರ ಬೆಳಗ್ಗೆ ಕೆ.ಆರ್. ಮಾರ್ಕೆಟ್ ಹತ್ತಿರದ ಸಂಡೇ ಬಜಾರ್. ಶಿವಾಜಿನಗರದ ಗುಜರಿ ಅಂಗಡಿಗಳು. ಹೊಲಿಗೆ ಸಾಮಾನಿಗೆ ಅವೆನ್ಯೂ ರಸ್ತೆಯ ರಾಜಾ ಮಾರ್ಕೆಟ್, ಚಿಕ್ಕಪೇಟೆ, ನಗರ್ತಪೇಟೆಯ ಓಣಿಗಳು. ಗುಂಡಿ, ಲೇಸು, ಕುಚ್ಚು ಮಾರುವ ಹಳೆ ಅಂಗಡಿಗಳಲ್ಲಿ ಮೇಲಿನ ಅಟ್ಟದಲ್ಲಿ ಏನಾದರೂ ಇದ್ದೇ ಇರುತ್ತೆ. ಆದರೆ ಜನ ಗಿಜಿಗುಡುವ ಹಬ್ಬದ ವಾರ ಹೋಗಿ "ಹಳೆ ಸೂಜಿ ಇದೆಯಾ?" ಅಂತ ಕೇಳಿದರೆ ಬೈಸಿಕೊಳ್ಳುತ್ತೀರಿ. ಸುಮ್ನೆ ಒಂದು ದಾರದುಂಡೆ ಕೊಳ್ಳಿ. ಬಿಡುವಿನ ಹೊತ್ತಿನಲ್ಲಿ ಮಾತಿಗೆ ಎಳೆಯಿರಿ. "ಸಾರ್, ನಿಮ್ಮ ತಂದೆಯವರ ಕಾಲದಲ್ಲಿ ಯಾವ ಸೂಜಿ ಬರುತ್ತಿತ್ತು?" ಅನ್ನಿ. ಆ ಪ್ರಶ್ನೆಗೆ ಏಣಿ ತಾನಾಗಿ ಬರುತ್ತೆ.

ಕಂಟೋನ್ಮೆಂಟ್ ಕಡೆ ಬೇರೆ ಥರದ ಮಾಲು. ಅಲ್ಲಿ ದಂಡು ನೆಲೆಸಿದ ಮೇಲೆ ಸಿಪಾಯಿಗಳ ಬಟ್ಟೆ ರಿಪೇರಿ ದೊಡ್ಡ ಕೆಲಸ. ಬ್ರಿಟಿಷ್ ಸಿಪಾಯಿಯ ಸಾಮಾನಿನಲ್ಲಿ ಸೂಜಿ, ದಾರ, ಗುಂಡಿ ಇರುವ ಸುತ್ತಿಡುವ ಚೀಲ ಒಂದು ಇರುತ್ತಿತ್ತು. ಅಂಥವು ಆ ಕಡೆಯ ಹಳೆ ಮನೆಗಳ ಪೆಟ್ಟಿಗೆಗಳಿಂದ ಹೊರಬರುತ್ತವೆ. ಸಣ್ಣ ಬಣ್ಣದ ತಗಡಿನ ಡಬ್ಬಿ ತೋರಿಸಿ "ಹಳೆ ಸೂಜಿ" ಅಂತ ಮಾರುವವರೂ ಇದ್ದಾರೆ. ತೆಗೆದರೆ ಗ್ರಾಮಾಫೋನ್ ಮುಳ್ಳು. ಅದರಲ್ಲಿ ಕಣ್ಣು ಇರಲ್ಲ. ಬೇಡ ಅನ್ನಬೇಡಿ, ಆ ಡಬ್ಬಿಗಳಿಗೆ ಬೇರೆಯದೇ ಅಭಿಮಾನಿ ಬಳಗ ಇದೆ, ವಿನಿಮಯಕ್ಕೆ ಆಗುತ್ತೆ.

ನಮ್ಮ ನೆರೆಯ ಒಂದು ಕಥೆ ಹೇಳಲೇಬೇಕು. ನೀಲಗಿರಿಯ ಕೇಟಿಯಲ್ಲಿ, ಊಟಿಯಿಂದ ಕೂನೂರಿಗೆ ಹೋಗುವ ದಾರಿಯಲ್ಲಿ, 1949ರಲ್ಲಿ ನೀಡಲ್ ಇಂಡಸ್ಟ್ರೀಸ್ ಕಂಪನಿ ಶುರುವಾಯಿತು. ಬಂಡವಾಳ ಇಂಗ್ಲೆಂಡಿನ ಸೂಜಿ, ಪಿನ್ನು ಕಂಪನಿಗಳದು. ನೀವೆಲ್ಲ ಬಳಸಿರುವ 'ಪೋನಿ' ಸೂಜಿ ಅಲ್ಲಿನದು. ಕಾನೂನು ಓದಿದವರು ಇಲ್ಲಿದ್ದರೆ ಅವರಿಗೆ ಈ ಹೆಸರು ಹೊಲಿಗೆಯಿಂದಲ್ಲ, ಪರೀಕ್ಷೆಯಿಂದ ಗೊತ್ತಿರುತ್ತೆ. 1973ರ ವಿದೇಶಿ ವಿನಿಮಯ ಕಾಯ್ದೆಯಿಂದಾಗಿ ಹೊರದೇಶದವರ ಪಾಲನ್ನು 40 ಪರ್ಸೆಂಟಿಗೆ ಇಳಿಸಬೇಕಾಯಿತು. 1977ರಲ್ಲಿ ಹೊಸ ಷೇರು ಬಿಟ್ಟರು. ಅದರ ಪತ್ರ ಇಂಗ್ಲೆಂಡಿಗೆ ಮುಟ್ಟುವ ಹೊತ್ತಿಗೆ ತಡವಾಗಿತ್ತು. ಜಗಳ ಸುಪ್ರೀಂ ಕೋರ್ಟಿಗೆ ಹೋಗಿ 1981ರಲ್ಲಿ ತೀರ್ಪು ಬಂತು. ಕಂಪನಿ ಕಾನೂನಿನ ಪಾಠದಲ್ಲಿ ಇವತ್ತಿಗೂ ಅದು ಇದೆ. ಅಷ್ಟು ಸಣ್ಣ ವಸ್ತುವಿಗೆ ಅಷ್ಟು ದೊಡ್ಡ ಕೇಸು. ಕೇಟಿಯ ಪೊಟ್ಟಣಗಳನ್ನು ವರ್ಷದ ಪ್ರಕಾರ ಜೋಡಿಸುವ ಕೆಲಸ ಈಗ ಹಚ್ಚಿಕೊಂಡಿದ್ದೇನೆ.

ಇಡುವ ವಿಧಾನ ಬೇಗ ಮುಗಿಸುತ್ತೇನೆ. ಸೆಲ್ಲೋಟೇಪ್ ಬೇಡವೇ ಬೇಡ. ಅಗ್ಗದ ಪ್ಲಾಸ್ಟಿಕ್ ಆಲ್ಬಂ ಬೇಡ, ಅದರ ಅಂಟು ಲೇಬಲ್ಲಿಗೆ ಹಿಡಿಯುತ್ತೆ. ಅಂಚೆಚೀಟಿ ಸಂಗ್ರಹದವರು ಬಳಸುವ ಪಾಲಿಯೆಸ್ಟರ್ ಕವರು ಒಳ್ಳೆಯದು. ಡಬ್ಬಿಗೆ ಸಿಲಿಕಾ ಜೆಲ್ ಪುಟ್ಟ ಚೀಲ ಹಾಕಿ, ಜೂನ್ ಬರುವ ಮೊದಲು ಬದಲಾಯಿಸಿ. ತುಕ್ಕು ಹಿಡಿದ ಸೂಜಿ ಕಾಗದವನ್ನು ಒಳಗಿಂದ ತಿನ್ನುತ್ತಿದ್ದರೆ ಮಾತ್ರ ಸೂಜಿಯನ್ನು ತೆಗೆದು ಬೇರೆ ಇಡಿ. ಆಗ ಯಾವ ಪೊಟ್ಟಣದ್ದು ಅಂತ ಪೆನ್ಸಿಲ್ಲಿನಲ್ಲಿ ಬರೆದಿಡಿ.

ಕೊನೆಗೆ ಸಭಿಕರು ಕೇಳಿದ ಕೆಲವು ಪ್ರಶ್ನೆಗಳು.

ಒಬ್ಬರು, ಹಳೆ ಸೂಜಿಯಲ್ಲಿ ಹೊಲಿಯಬಹುದಾ ಅಂದರು. ತುಕ್ಕಿಲ್ಲದಿದ್ದರೆ ಧಾರಾಳವಾಗಿ. ಒಳ್ಳೆಯ ಉಕ್ಕು ಅದು. ಬಿಡಿಬಿಡಿಯಾಗಿ ಸಿಕ್ಕ ಸೂಜಿಗಳನ್ನು ನಾನು ಪಕ್ಕದ ಬೀದಿಯ ಟೈಲರಿಗೆ ಕೊಟ್ಟುಬಿಡುತ್ತೇನೆ. ಅವರು ಅದನ್ನು ತಲೆಗೂದಲಲ್ಲಿ ಒಂದು ಸಲ ಎಳೆದು, ಎಣ್ಣೆ ಹಿಡಿಸಿ, ಕೆಲಸ ಶುರು ಮಾಡುತ್ತಾರೆ.

ಇನ್ನೊಬ್ಬ ಅಮ್ಮ ಎದ್ದು, "ದೀಪ ಹಚ್ಚಿದ ಮೇಲೆ ಸೂಜಿ ಕೊಡಬಾರದು ಅಂತಾರಲ್ಲ, ನೀವು ಈ ಹೊತ್ತಿನಲ್ಲಿ ಎಲ್ಲರ ಕೈಗೂ ಕೊಡುತ್ತಿದ್ದೀರಲ್ಲ?" ಅಂದರು. ಎಲ್ಲರೂ ನಕ್ಕರು. ಕೊಟ್ಟಿಲ್ಲಮ್ಮ, ತೋರಿಸಿದ್ದು ಅಷ್ಟೇ, ವಾಪಸ್ ಎಣಿಸಿಕೊಳ್ಳುತ್ತೇನೆ ಅಂದೆ. ಮಂಕು ಬೆಳಕಿನಲ್ಲಿ ಕೈ ತಪ್ಪಿ ಬಿದ್ದ ಸೂಜಿ ಮಗುವಿನ ಕಾಲಿಗೆ ಸಿಗುತ್ತೆ, ಆ ನಂಬಿಕೆಯಲ್ಲಿ ಅರ್ಥ ಇದೆ.

ಯಾವುದು ಸಿಗೋದು ಕಷ್ಟ ಅಂತ ಒಬ್ಬ ಹುಡುಗ ಕೇಳಿದ. ರೆಡ್ಡಿಚ್‌ನದು ಕಷ್ಟವಿಲ್ಲ. ಅದನ್ನು ಕಾಪಾಡೋಕೆ ಅವರದೇ ಮ್ಯೂಸಿಯಂ ಇದೆ. ಸಿಗದಿರುವುದು ನಮ್ಮದೇ ಅಗ್ಗದ ಪೊಟ್ಟಣಗಳು. ಬುಟ್ಟಿ ಹೊತ್ತು ಸೂಜಿ, ದಬ್ಬಳ, ಪಿನ್ನು ಮಾರುತ್ತಾ ಬೀದಿ ಬೀದಿ ಬರುತ್ತಿದ್ದವರ ಹತ್ತಿರ ಇದ್ದ ಸರಕು. ಕೌದಿ ಹೊಲಿಯುವ ದಪ್ಪ ಸೂಜಿಯ ಸುತ್ತು. ಜಾತ್ರೆಯಲ್ಲಿ ಮಾರಿದ ಪಿನ್ನಿನ ಕಾರ್ಡು. ಕನ್ನಡ ಅಕ್ಷರ ಇರುವ ಹಳೆ ಸೂಜಿ ಪೊಟ್ಟಣ ನನ್ನ ಹತ್ತಿರ ಒಂದೂ ಇಲ್ಲ. ನಿಮ್ಮ ಮನೆಯ ಹಳೆ ಉಷಾ ಮೆಷಿನ್ನಿನ ಡ್ರಾಯರ್ ಎಳೆದು ನೋಡಿ. ಸಿಕ್ಕರೆ ನನಗೆ ಕೊಡಬೇಕಾಗಿಲ್ಲ. ಎರಡೂ ಬದಿಯ ಫೋಟೋ ತೆಗೆಯೋಕೆ ಬಿಟ್ಟರೆ ಸಾಕು. ಅದರ ಮೇಲೆ ಯಾವ ದೂರಿಗೆ ಉತ್ತರ ಬರೆದಿದ್ದಾರೆ ಅಂತ ಓದಬೇಕು ನನಗೆ.